ಮೊಕದ್ದಮೆ ಗೆದ್ದ ಶಾಲೆ, ಮೇಷ್ಟ್ರಿಲ್ಲದ ಪೀರಿಯಡ್ಡು

ರಿಷಬ್ ಶೆಟ್ಟಿ ನಿರ್ದೇಶನದ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' 2018ರ ಆಗಸ್ಟ್‌ನಲ್ಲಿ ತೆರೆಗೆ ಬಂದಾಗ ಕನ್ನಡಿಗರು ಅದನ್ನು ಮನಸಾರೆ ಮೆಚ್ಚಿದರು. ಮರುವರ್ಷ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಮಕ್ಕಳ ತುಂಟತನ, ಗಡಿನಾಡಿನ ಮಾತಿನ ಸೊಗಸು, ಅನಂತನಾಗ್ ಅವರ ಅಭಿನಯ, ಇವುಗಳ ಬಗ್ಗೆ ಸಾಕಷ್ಟು ಬರೆದಾಗಿದೆ. ಆದರೆ ಆ ಚಿತ್ರ ಕೈಗೆತ್ತಿಕೊಂಡು ಅರ್ಧದಲ್ಲೇ ಬಿಟ್ಟುಬಿಟ್ಟ ಒಂದು ಪ್ರಶ್ನೆ ಇದೆ. ಶಾಲೆಯೊಂದನ್ನು ದಿನದಿನವೂ ನಡೆಸುವವರು ಯಾರು, ಮತ್ತು ಏನನ್ನು ಇಟ್ಟುಕೊಂಡು ನಡೆಸುತ್ತಾರೆ?

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಶಾಲೆಗಳ ಸಂಕಟವೇ ಚಿತ್ರದ ಹೂರಣ. ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಲು ಕನ್ನಡ ಬಾರದ ಮಲಯಾಳಿ ಮೇಷ್ಟ್ರೊಬ್ಬರು ಬರುತ್ತಾರೆ. ಅವರು ಹೇಳುವುದು ಮಕ್ಕಳಿಗೆ ತಿಳಿಯದು, ಮಕ್ಕಳು ಹೇಳುವುದು ಅವರಿಗೆ ತಿಳಿಯದು. ಒಂದು ನೇಮಕಾತಿ ಆದೇಶವನ್ನೇ ಕಥೆಯ ಬೀಜ ಮಾಡಿಕೊಂಡ ಕನ್ನಡ ಚಿತ್ರಗಳು ತೀರಾ ಅಪರೂಪ. ಇಲಾಖೆಯ ಮೇಜಿನ ಮೇಲೆ ಬೀಳುವ ಒಂದು ಸಹಿ ಎಲ್ಲೋ ದೂರದ ತರಗತಿಯಲ್ಲಿ ಕುಳಿತ ಮಗುವಿನ ಲೆಕ್ಕದ ಪುಸ್ತಕವನ್ನು ಹೇಗೆ ಮುಚ್ಚಿಸುತ್ತದೆ ಎಂಬುದನ್ನು ಮೊದಲರ್ಧ ನಗಿಸುತ್ತಲೇ ತೋರಿಸುತ್ತದೆ. ಇದು ಚಿತ್ರದ ದೊಡ್ಡ ಗುಣ.

ಅಲ್ಲಿಂದ ಮುಂದೆ ಕಥೆ ಶಾಲೆಯನ್ನು ಬಿಟ್ಟು ಮೈಸೂರಿನ ಬಸ್ಸು ಹತ್ತುತ್ತದೆ. ಮೈಸೂರಿನಿಂದ ಬಂದ ಹಿರಿಯರು ನ್ಯಾಯಾಲಯದಲ್ಲಿ ಮನಮುಟ್ಟುವಂತೆ ವಾದಿಸುತ್ತಾರೆ, ಮುಚ್ಚಿದ ಶಾಲೆಯ ಬಾಗಿಲು ತೆರೆಯುತ್ತದೆ, ನಾವು ಕಣ್ಣೊರೆಸಿಕೊಂಡು ಎದ್ದು ಬರುತ್ತೇವೆ. ಶಾಲೆ ಹಾಳಾಗಲು ಒಬ್ಬ ದುಷ್ಟ ಅಧಿಕಾರಿ ಕಾರಣ, ಉಳಿಯಲು ಒಬ್ಬ ಒಳ್ಳೆಯ ವಾಗ್ಮಿ ಕಾರಣ ಎಂಬ ಸಮಾಧಾನ ನಮಗೆ ಸಿಗುತ್ತದೆ. ತೀರ್ಪು ಬಂದ ಮೇಲಿನ ಸೋಮವಾರ ಐದನೇ ತರಗತಿಗೆ ಗಣಿತ ಹೇಳುವವರು ಯಾರು ಎಂಬುದನ್ನು ಮಾತ್ರ ಚಿತ್ರ ಕೇಳುವುದಿಲ್ಲ. ಅದನ್ನು ಕೇಳಬೇಕಾದ ಮುಖ್ಯೋಪಾಧ್ಯಾಯರ ಪಾತ್ರ ನಗೆಯ ಕಡೆಗೇ ವಾಲಿದೆ.

ಇದು ಈ ಒಂದು ಚಿತ್ರದ ಕೊರತೆಯಲ್ಲ. 1958ರಲ್ಲಿ ಬಿ.ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' ಬಂದಾಗಿನಿಂದ ಮೇಷ್ಟ್ರೆಂದರೆ ನಮಗೆ ತ್ಯಾಗಮೂರ್ತಿ. ಅವರ ಕಷ್ಟಕ್ಕೆ ಕಣ್ಣೀರು ಹಾಕಿದ್ದೇವೆ, ಅವರ ಕೆಲಸವನ್ನು ನೋಡಿದ್ದು ಕಡಿಮೆ. ನಾವು ಕಥೆಗಾರರೂ ಇದಕ್ಕೆ ಹೊರತಲ್ಲ. ಬೆತ್ತ ಹಿಡಿದ ಮೇಷ್ಟ್ರು, ಬಡ ಮೇಷ್ಟ್ರು, ಮಕ್ಕಳನ್ನು ಎತ್ತಿ ಆಡಿಸುವ ಮೇಷ್ಟ್ರು ನಮ್ಮ ಕಥೆಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಜೂನ್ ತಿಂಗಳಲ್ಲಿ ಪೆನ್ಸಿಲ್ಲು, ರಬ್ಬರು ಹಿಡಿದು ಟೈಂಟೇಬಲ್ಲಿನ ಚೌಕಗಳ ಮುಂದೆ ಕುಳಿತ ಹೆಡ್‌ಮಾಸ್ತರರು ಸಿಗುವುದಿಲ್ಲ.

ಹಾಗೆ ಕುಳಿತ ಒಬ್ಬರನ್ನು ಜಪಾನಿನ ತೆತ್ಸುಕೊ ಕುರೊಯಾನಗಿ ಕನ್ನಡಕ್ಕೂ ಬಂದಿರುವ 'ತೊತ್ತೋ ಚಾನ್' ಪುಸ್ತಕದಲ್ಲಿ ನಮಗೆ ಕೊಟ್ಟಿದ್ದಾರೆ. ಹಳೆಯ ರೈಲು ಡಬ್ಬಿಗಳಲ್ಲಿ ನಡೆಯುತ್ತಿದ್ದ ತೊಮೊಯೆ ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿ ದಿನದ ಪಾಠಗಳನ್ನೆಲ್ಲ ಬೆಳಗ್ಗೆಯೇ ಹಲಗೆಯ ಮೇಲೆ ಬರೆಸಿ, ಯಾವುದರಿಂದ ಶುರುಮಾಡುವುದೆಂಬ ಆಯ್ಕೆಯನ್ನು ಮಕ್ಕಳಿಗೇ ಬಿಟ್ಟಿದ್ದರು. ಯಾವ ಮಗುವಿಗೆ ಯಾವುದರಲ್ಲಿ ಆಸೆ, ಯಾವುದರಲ್ಲಿ ಅಂಜಿಕೆ ಎಂದು ಗುರುಗಳಿಗೆ ಅದರಿಂದಲೇ ತಿಳಿಯುತ್ತಿತ್ತು. ಅಲ್ಲಿ ವೇಳಾಪಟ್ಟಿಯೇ ಶಿಕ್ಷಣದ ವಿಚಾರವಾಗಿತ್ತು. ಐವತ್ತರಷ್ಟು ಮಕ್ಕಳ ಆ ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಪುಸ್ತಕವನ್ನು ಹೊಗಳುವವರು ಒಂದನ್ನು ಮರೆಯಬಾರದು. ತನ್ನ ಚೌಕಗಳನ್ನು ತಾನೇ ಅಳಿಸಿ ಬರೆಯುವ ಅಧಿಕಾರ ಕೊಬಾಯಾಶಿಯವರಿಗಿತ್ತು.

ನಮ್ಮ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಸರ್ಕಾರಿ ಶಾಲೆಯ ಹೆಡ್‌ಮಿಸ್ಸಿಗೆ ಆ ಅಧಿಕಾರ ಎಷ್ಟಿದೆ? ಲೆಕ್ಕ ಹಾಕಿ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು ಸಾಕು. 150 ಮಕ್ಕಳು ಮೀರದಿದ್ದರೆ ಪ್ರತ್ಯೇಕ ಮುಖ್ಯ ಶಿಕ್ಷಕರು ಬೇಕಿಲ್ಲ, ಇರುವ ಶಿಕ್ಷಕರಲ್ಲೊಬ್ಬರೇ ಮುಖ್ಯರು. ದಿನಕ್ಕೆ ಎಂಟು ಪೀರಿಯಡ್ಡು ಎಂದಿಟ್ಟುಕೊಳ್ಳಿ. ಐದು ತರಗತಿಗೆ ನಲವತ್ತು ಚೌಕಗಳಾಯಿತು. ಇಬ್ಬರು ಶಿಕ್ಷಕರು ನೀರು ಕುಡಿಯಲೂ ಹೊರಗೆ ಹೋಗದಿದ್ದರೆ ಹದಿನಾರು ತುಂಬುತ್ತವೆ. ಇಪ್ಪತ್ತನಾಲ್ಕು ಖಾಲಿ. ನಲಿ ಕಲಿಯ ಹೆಸರಿನಲ್ಲಿ ಮೊದಲ ಮೂರು ತರಗತಿಗಳನ್ನು ಒಂದೇ ಕೋಣೆಗೆ ಸೇರಿಸಿದರೂ ಎಂಟು ಚೌಕ ಖಾಲಿಯೇ. ಆ ದಿನ ಮುಖ್ಯ ಶಿಕ್ಷಕಿ ಬಿ.ಇ.ಓ. ಕಚೇರಿಯ ಸಭೆಗೆ ಹೋದರೆ ಇಪ್ಪತ್ತನಾಲ್ಕರಲ್ಲಿ ಹದಿನಾರು ಖಾಲಿ. ಯಾರೂ ಸೋಮಾರಿಗಳಲ್ಲ, ಯಾರೂ ಕಾನೂನು ಮುರಿದಿಲ್ಲ. ಆದರೂ ಮಗುವಿನ ಮುಂದೆ ಮೇಷ್ಟ್ರಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ ಕಲಿ ಒಳ್ಳೆಯ ವಿಚಾರ. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯಲಿ ಎಂಬುದು ಅದರ ಆಶಯ. ಆ ಆಶಯ ಕೊಬಾಯಾಶಿಯವರ ಆಶಯಕ್ಕೆ ದೂರದ್ದೇನಲ್ಲ. ಶಿಕ್ಷಕರ ಕೊರತೆ ಮುಚ್ಚುವ ಚಾದರವಾಗಿ ಅದು ಬಳಕೆಯಾದಾಗ ಮಾತ್ರ ಆಶಯ ಸೋಲುತ್ತದೆ. ಸುಧಾರಣೆಗಳೆಲ್ಲ ನಮ್ಮಲ್ಲಿ ಹೀಗೇ ಬರುತ್ತವೆ. ಸುತ್ತೋಲೆ ಬರುತ್ತದೆ, ಅದನ್ನು ನಡೆಸುವ ಕೈ ಬರುವುದಿಲ್ಲ. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದಾಗಲೂ ಅಷ್ಟೇ. ಮಾಧ್ಯಮ ಹೊಸದು, ಮೇಷ್ಟ್ರು ಹಳಬರು. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಬರುತ್ತಾರೆ. 2025ರ ಬಜೆಟ್‌ನಲ್ಲಿ ಎರಡು ಸಾವಿರ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯಲ್ಲಿ ಅವರ ತಿಂಗಳ ಗೌರವಧನ 12,000 ರೂಪಾಯಿ. ಬೆಂಗಳೂರಿನ ಬಾಡಿಗೆ ಕಟ್ಟಿ ಅದರಲ್ಲಿ ಉಳಿಯುವುದೆಷ್ಟು?

ಇರುವ ಚೌಕಗಳಾದರೂ ನಿಲ್ಲುತ್ತವೆಯೇ? 2024ರ ಮಾರ್ಚ್‌ನಲ್ಲಿ 5, 8, 9ನೇ ತರಗತಿಗಳ ಪರೀಕ್ಷೆಗೆ ಏನಾಯಿತೆಂದು ನೆನಪಿಸಿಕೊಳ್ಳಿ. 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು, ಮರುದಿನ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. 11ರಂದು ಪರೀಕ್ಷೆ ಶುರುವಾಯಿತು, 12ರಂದು ಸುಪ್ರೀಂ ಕೋರ್ಟಿನ ಆದೇಶದಿಂದ ನಡುವೆಯೇ ನಿಂತಿತು. 22ರಂದು ಮತ್ತೆ ಅನುಮತಿ, ಏಪ್ರಿಲ್ 8ರಂದು ಫಲಿತಾಂಶಕ್ಕೆ ತಡೆ. ಓದಿದ ಮಕ್ಕಳಿಗೆ ಉತ್ತರ ಹೇಳಬೇಕಾದವರು ನ್ಯಾಯಮೂರ್ತಿಗಳೂ ಅಲ್ಲ, ಮಂತ್ರಿಗಳೂ ಅಲ್ಲ, ಹೆಡ್‌ಮಾಸ್ತರರು. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಟ್ರಾಫಿಕ್ ಇಳಿಸಲು ಶಾಲೆಯ ಗಂಟೆಯನ್ನೇ ಬದಲಿಸುವ ಚರ್ಚೆ ನಡೆಯಿತು. ಶಾಲೆಗಳೂ ಪೋಷಕರೂ ಒಪ್ಪಲಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ಜಾಮ್ ಬಿಡಿಸುವ ಹೊಣೆಯೂ ಆರು ವರ್ಷದ ಮಗುವಿನ ನಿದ್ದೆಯ ಮೇಲೆ ಬೀಳುವುದಿತ್ತು! 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಹಿಂದುಳಿದವರಿಗೂ ಮುಸ್ಲಿಮರಿಗೂ ಬೇಕಾದದ್ದೇ. ಆದರೆ ಮನೆಮನೆ ತಿರುಗಿದವರು ಶಿಕ್ಷಕರು. ಅವರು ಕೆಲಸ ಮುಗಿಸಲೆಂದು ಅಕ್ಟೋಬರ್ 8ರಿಂದ 18ರವರೆಗೆ ಸರ್ಕಾರಿ, ಅನುದಾನಿತ ಶಾಲೆಗಳ ರಜೆ ಬೆಳೆಯಿತು. ನಮ್ಮ ಹಿಂದುಳಿದಿರುವಿಕೆಯನ್ನು ಎಣಿಸಲು ನಮ್ಮ ಮಕ್ಕಳ ಪಾಠವನ್ನೇ ಖರ್ಚು ಮಾಡಿದೆವು.

ಉತ್ತರ ಬೆಂಗಳೂರಿನಲ್ಲಿ ಕುಳಿತು ಕಾಸರಗೋಡಿನ ಚಿತ್ರ ನೋಡುವಾಗ ಇನ್ನೊಂದು ಮಾತು ಚುಚ್ಚುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಗೆ ಕಟ್ಟಡಗಳೆದ್ದವು. ಕಟ್ಟುವವರ ಮಕ್ಕಳು ಕಲಬುರಗಿ, ರಾಯಚೂರಿನಿಂದ ಬಂದಂತೆ ಬಿಹಾರ, ಬಂಗಾಳದಿಂದಲೂ ಬಂದರು. ಬಂಗಾಳಿಯಷ್ಟೇ ಬಲ್ಲ ಒಂದು ಮಗು ಕನ್ನಡ ಮಾಧ್ಯಮದ ಬೆಂಚಿನಲ್ಲಿ ಕುಳಿತಾಗ ಚಿತ್ರದ ಪಾತ್ರಗಳು ಅದಲುಬದಲಾಗುತ್ತವೆ. ಮೇಷ್ಟ್ರ ಮಾತು ತಿಳಿಯದ ಮಗು ಇಲ್ಲಿಯೂ ಇದೆ. ಅದರ ಪರವಾಗಿ ವಾದಿಸಲು ಮೈಸೂರಿನಿಂದ ಯಾರೂ ಬರುವುದಿಲ್ಲ. ನಮ್ಮ ಉರ್ದು ಶಾಲೆಗಳದ್ದೂ ಇದೇ ಕಥೆಯ ಮತ್ತೊಂದು ಮುಖ. ಮನೆಯ ಮಾತು ಉರ್ದು, ಊರಿನ ಮಾತು ಕನ್ನಡ, ಬಯಸುವುದು ಇಂಗ್ಲಿಷ್. ಮೂರನ್ನೂ ಕಲಿಸಬೇಕಾದ ಶಾಲೆಯಲ್ಲಿ ಕನ್ನಡವನ್ನು ಅಕ್ಕರೆಯಿಂದ ಕಲಿಸುವ ಒಬ್ಬರಿಲ್ಲದಿದ್ದರೆ ಮಗು ಏಳನೇ ತರಗತಿ ದಾಟಿದ ಮೇಲೆ ಹೈಸ್ಕೂಲಿನ ಬಾಗಿಲಲ್ಲೇ ಎಡವುತ್ತದೆ. ಉರ್ದುವಿಗಾಗಿ ಭಾಷಣ ಮಾಡುವ ನಾವು ಉರ್ದು ಶಾಲೆಯ ಕನ್ನಡ ಪೀರಿಯಡ್ಡು ಯಾರ ಕೈಯಲ್ಲಿದೆ ಎಂದು ಕೇಳುವುದಿಲ್ಲ.

ಸರ್ಕಾರವನ್ನಷ್ಟೇ ಬೈದರೆ ಅರ್ಧ ಸತ್ಯವಾದೀತು. ನಮ್ಮವರೇ ನಡೆಸುವ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಗೇಟಿಗೆ ದಾನಿಗಳ ಹೆಸರು ಕೆತ್ತಿಸುವಷ್ಟು ಆಸ್ಥೆಯನ್ನು ಶಿಕ್ಷಕಿಯ ಸಂಬಳದಲ್ಲಿ ತೋರುವುದು ಅಪರೂಪ. ಕಡಿಮೆ ಸಂಬಳದ ಶಿಕ್ಷಕಿ ದೀಪಾವಳಿಯ ಹೊತ್ತಿಗೆ ಬೇರೆ ಕಡೆ ಹೋಗುತ್ತಾಳೆ. ಅವಳ ಚೌಕಗಳು ಉಳಿದವರ ಮೇಲೆ ಬೀಳುತ್ತವೆ, ಅವರೂ ದಣಿದು ಹೊರಡುತ್ತಾರೆ. ಪ್ರಿನ್ಸಿಪಾಲರು ವರ್ಷವಿಡೀ ಬದಲಿ ಪೀರಿಯಡ್ಡಿನ ಚೀಟಿ ಬರೆಯುವುದರಲ್ಲೇ ಕಳೆಯುತ್ತಾರೆ.

ಕಾಸರಗೋಡಿನ ಚಿತ್ರವನ್ನು ಇನ್ನೊಮ್ಮೆ ನೋಡಬೇಕು, ಮಕ್ಕಳಿಗೂ ತೋರಿಸಬೇಕು. ಒಬ್ಬ ಮೇಷ್ಟ್ರ ನೇಮಕ ಎಷ್ಟು ದೊಡ್ಡ ವಿಷಯ ಎಂದು ಅದು ಹೇಳಿತು. ಮುಂದಿನ ಚಿತ್ರವನ್ನೋ ಕಥೆಯನ್ನೋ ಮಾಡುವವರು ನ್ಯಾಯಾಲಯಕ್ಕೆ ಹೋಗದೆ ಸ್ಟಾಫ್ ರೂಮಿನಲ್ಲೇ ಸ್ವಲ್ಪ ಹೊತ್ತು ನಿಲ್ಲಲಿ. ಅಲ್ಲಿ ನಡೆಯುವ ಜಗಳ, ಹೊಂದಾಣಿಕೆ, ಉಪಾಯಗಳಲ್ಲಿ ಬೇಕಾದಷ್ಟು ಕಥೆಯಿದೆ. ಅಲ್ಲಿಯವರೆಗೆ ತಂದೆತಾಯಂದಿರು ಒಂದು ಸಣ್ಣ ಕೆಲಸ ಮಾಡಬಹುದು. ಎಸ್.ಡಿ.ಎಂ.ಸಿ. ಸಭೆಯಲ್ಲಿ ಬಿಸಿಯೂಟದ ಸಾಂಬಾರಿನ ಬಗ್ಗೆ ಕೇಳುವಂತೆಯೇ ಟೈಂಟೇಬಲ್ಲನ್ನೂ ತೋರಿಸಿ ಎಂದು ಕೇಳಲಿ. ಹೆಡ್‌ಮಿಸ್ಸನ್ನು ಕಟಕಟೆಗೆ ನಿಲ್ಲಿಸಲು ಅಲ್ಲ. ಖಾಲಿ ಚೌಕಗಳನ್ನು ಎಣಿಸಿ, ಅವರ ಜೊತೆಗೇ ಬಿ.ಇ.ಓ. ಕಚೇರಿಗೆ ಹೋಗಲು.