ಬಯಲುಸೀಮೆಯ ಒಂದು ಹಳೆಯ ನಕ್ಷೆ

ವಿಮರ್ಶೆಗೆ ಪುಸ್ತಕವೇ ಆಗಬೇಕೆಂದೇನೂ ಇಲ್ಲವಲ್ಲ. ಈ ಸಲ ನಾವು ಓದಲು ಕುಳಿತದ್ದು ಚಳ್ಳಕೆರೆ ಸೀಮೆಯ ನಕ್ಷೆ: ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆ, ಸಂಖ್ಯೆ 57 ಬಿ/11, ಮೈಲಿಗೆ ಒಂದು ಇಂಚಿನ ಅಳತೆ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಕೆರೆಗೆ ನೀಲಿ, ಊರಿಗೆ ಕೆಂಪು, ನೆಲದ ಏರಿಳಿತಕ್ಕೆ 50 ಅಡಿಗೊಂದರಂತೆ ಕಂದು ಗೆರೆ. ಆ ಗೆರೆಗಳು ಒಂದರಿಂದೊಂದು ದೂರ ಸರಿದಿರುವುದನ್ನು ಕಂಡರೆ ಸಾಕು, ಬಯಲು ಕಣ್ಣಿಗೆ ಕಟ್ಟುತ್ತದೆ. ಆ ಬಿಸಿಲಿನಲ್ಲಿ ನಡೆದು ಅಳೆದವರಿಗೆ ದೊಡ್ಡ ನಮಸ್ಕಾರ. (ಇಂಗ್ಲಿಷ್ ಅಕ್ಷರಕ್ಕೆ ಸಿಕ್ಕಿ ಲಕಾರ, ಳಕಾರ ಒಂದೇ ಆಗಿರುವುದನ್ನು ಪರದೇಶದಲ್ಲಿರುವ ನಾವು ಕ್ಷಮಿಸಲೇಬೇಕು!)

ನಮ್ಮ ತಕರಾರು ಬಣ್ಣದ್ದು. ಈ ನಕ್ಷೆಗಳಲ್ಲಿ ಉಳುವ ಹೊಲ ಹಳದಿ, ಕಾಡು ಹಸಿರು, ಎರಡೂ ಅಲ್ಲದ್ದು ಬರಿಯ ಬಿಳಿ. ಅಮೃತಮಹಲ್ ಕಾವಲುಗಳು ಸೇರುವುದು ಈ ಬಿಳಿಗೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಅದರ ದನಗಳಿಗೆ ಬೇಸಿಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ದಂಡಿನ ಬಂಡಿ, ಫಿರಂಗಿ ಎಳೆದ ಎತ್ತುಗಳು ಬೆಳೆದದ್ದು ಈ ಹುಲ್ಲಿನ ಮೇಲೆ. ಸುತ್ತಲ ಹಳ್ಳಿಗಳ ಕುರಿಗೂ, ಕುರಿಯ ಉಣ್ಣೆಯಿಂದ ಆಗುವ ಚಳ್ಳಕೆರೆ ಕಂಬಳಿಗೂ ಇದೇ ಹುಲ್ಲೇ ಆಧಾರ. ನಕ್ಷೆಯಲ್ಲಿ ಕಾವಲಿನ ಹೆಸರು ಬರೆಯಬಹುದು. ಯಾವ ಊರ ಕುರಿ ಯಾವ ತಿಂಗಳು ಅಲ್ಲಿ ಮೇಯಬಹುದು ಎಂಬುದಕ್ಕೆ ಗುರುತೇ ಇಲ್ಲ.

ನಮ್ಮ ಪಿನ್ನರ್ ಸುತ್ತಲಿನ ಆರ್ಡ್ನನ್ಸ್ ಸರ್ವೆ ನಕ್ಷೆಯನ್ನು ಪಕ್ಕಕ್ಕಿಟ್ಟು ನೋಡಿ. ಹೊಲದ ನಡುವಿನ ಕಾಲುದಾರಿಯೂ ಅಲ್ಲಿ ಹಸಿರು ಚುಕ್ಕೆಗೆರೆಯಾಗಿ, ಸಾರ್ವಜನಿಕರ ಹಕ್ಕೆಂದು ಅಚ್ಚಾಗಿದೆ. ಹಕ್ಕನ್ನು ನಕ್ಷೆಯಲ್ಲಿ ತೋರಿಸಲು ಬರುವುದೇ ಇಲ್ಲ ಎನ್ನುವಂತಿಲ್ಲ.

2008ರಿಂದಾಚೆಗೆ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಡಿ.ಆರ್.ಡಿ.ಒ.ಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇನ್ನೂ ಕೆಲವು ಸಂಸ್ಥೆಗಳಿಗೆ ಮತ್ತಷ್ಟು ಭೂಮಿ ಹೋಯಿತು. ಬೇಲಿ, ಗೋಡೆ ಎದ್ದವು. ಆಕ್ಷೇಪ 2013ರಲ್ಲಿ ಚೆನ್ನೈನ ಹಸಿರು ನ್ಯಾಯಮಂಡಳಿಯನ್ನು ತಲುಪಿತು. ಇದಕ್ಕೆಲ್ಲ ನಕ್ಷೆಯೇ ಕಾರಣ ಎಂದರೆ ಅತಿಯಾದೀತು. ಆದರೆ ಖಾಲಿಯಾಗಿ ಕಾಣುವ ಜಾಗವನ್ನು ಕೊಡುವುದು ಸುಲಭ, ಕುರಿಗಾಹಿಯ ಹತ್ತಿರ ತೋರಿಸಲು ಕಾಗದವಿಲ್ಲ.

ಹಳೆಯ ಸರ್ವೆ ಹಾಳೆಗಳಲ್ಲಿ ಆಸಕ್ತಿಯುಳ್ಳ ಸದಸ್ಯರಿಗೆ ಬ್ರಿಟಿಷ್ ಲೈಬ್ರರಿ ದೂರವೇನಲ್ಲ. ಪಿನ್ನರಿನಿಂದ ಕಿಂಗ್ಸ್ ಕ್ರಾಸ್‌ಗೆ ಮೆಟ್ರೋಪಾಲಿಟನ್ ರೈಲು ನೇರವಾಗಿ ಹೋಗುತ್ತದೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಒಯ್ಯಿರಿ.