ಎದುರಾಳಿ ನಕ್ಕ ಗಳಿಗೆ

ರ‍್ಯಾಪ್ ಬ್ಯಾಟಲ್ ನೋಡುವಾಗ ನನ್ನ ಕಣ್ಣು ಬೈಯುವವನಿಗಿಂತ ಬೈಸಿಕೊಳ್ಳುವವನ ಮೇಲೆಯೇ ಹೆಚ್ಚು ಇರುತ್ತದೆ. ಅವನು ಕೈಕಟ್ಟಿ, ಮುಖ ಬಿಗಿದು ನಿಂತಿರುತ್ತಾನೆ. ತನ್ನ ಅಂಗಿ, ತನ್ನ ಹೊಟ್ಟೆ, ತನ್ನ ಊರು, ಕಳೆದ ಸಲ ತಾನು ಸೋತ ಬಗೆ ಎಲ್ಲವೂ ತುಂಬಿದ ಸಭೆಯಲ್ಲಿ ಹರಾಜಾಗುತ್ತಿದ್ದರೂ ಅಲುಗುವುದಿಲ್ಲ. ಆಮೇಲೆ ಒಂದು ಸಾಲು ಬರುತ್ತದೆ. ತುಟಿ ಕಚ್ಚಿ ತಡೆಯಲು ನೋಡುತ್ತಾನೆ, ಆಗುವುದಿಲ್ಲ, ನಕ್ಕುಬಿಡುತ್ತಾನೆ. ಈ ಆಟದಲ್ಲಿ ಅದಕ್ಕಿಂತ ದೊಡ್ಡ ಗೆಲುವು ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಈ ಕಲೆಯ ಪಂಡಿತರು ಇದನ್ನು ಒಪ್ಪುವುದಿಲ್ಲ. ಅವರಿಗೆ ಬೇಕಾದದ್ದು ನಾಲ್ಕೈದು ಅಕ್ಷರ ಉದ್ದಕ್ಕೆ ಹೊಂದುವ ಪ್ರಾಸ, ಒಂದೇ ಸಾಲಿನಲ್ಲಿ ಅಡಗಿದ ಎರಡು ಮೂರು ಅರ್ಥ, ಉಸಿರು ಬಿಡದ ಓಟ. ನಗಿಸುವವನದು ಅವರ ಲೆಕ್ಕದಲ್ಲಿ ಅಗ್ಗದ ದಾರಿ. ಈ ತಕರಾರಿಗೆ ಬಹಳ ವಯಸ್ಸಾಗಿದೆ. ಅದರ ಬೇರು 1981ರ ಡಿಸೆಂಬರಿನಲ್ಲಿದೆ.

ಆ ತಿಂಗಳು ನ್ಯೂಯಾರ್ಕಿನ ಹಾರ್ಲೆಮ್ ವರ್ಲ್ಡ್ ಎಂಬ ಕ್ಲಬ್ಬಿನಲ್ಲಿ ಬಿಝಿ ಬೀ ಮೈಕ್ ಹಿಡಿದಿದ್ದ. ಜನರನ್ನು ಕೂಗಿಸುವುದರಲ್ಲಿ, ನಗಿಸುವುದರಲ್ಲಿ ಅವನದು ಎತ್ತಿದ ಕೈ. ಅವನೊಂದು ಕೂಗು ಹಾಕಿದರೆ ಇಡೀ ಸಭೆ ಮರುಕೂಗು ಕೊಡುತ್ತಿತ್ತು. ಅವನ ನಂತರ ಟ್ರೆಚರಸ್ ತ್ರೀ ತಂಡದ ಕೂಲ್ ಮೋ ಡೀ ಬಂದು, ಬಿಝಿ ಬೀಯ ಕೂಗಾಟವನ್ನೇ ಹಂಗಿಸಿದ. ಅವನ ಹೆಸರು ಕೂಡ ಇನ್ನೊಬ್ಬನಿಂದ ಎತ್ತಿಕೊಂಡದ್ದು ಎಂದ. ಒಂದರ ಬೆನ್ನಿಗೊಂದು ಬಿಗಿಯಾದ ಸಾಲುಗಳು ಬಿದ್ದವು. ಆ ರಾತ್ರಿಯ ಧ್ವನಿಮುದ್ರಣ ಕ್ಯಾಸೆಟ್ಟಾಗಿ ಕೈಯಿಂದ ಕೈಗೆ ಹೋಯಿತು. ಬ್ಯಾಟಲ್ ಎಂದರೆ ಜನರನ್ನು ಕುಣಿಸುವುದಲ್ಲ, ಎದುರಾಳಿಯನ್ನು ಮಾತಿನಲ್ಲಿ ಕೆಡವುವುದು ಎಂಬ ಅಳತೆ ಅಲ್ಲಿಂದ ನೆಲೆಯಾಯಿತು.

ಕೂಲ್ ಮೋ ಡೀ ಗೆದ್ದದ್ದು ನ್ಯಾಯವೇ. ಆದರೆ ಅಂದು ಸೋತವನ ಕಸುಬು ಕಳೆದುಹೋಗಲಿಲ್ಲ. 27 ವರ್ಷಗಳ ನಂತರ ಅದಕ್ಕೆ ಹೊಸ ಅಂಗಳ ಸಿಕ್ಕಿತು. 2008ರಲ್ಲಿ ಕೆನಡಾದ ಟೊರಾಂಟೊದಲ್ಲಿ ಕಿಂಗ್ ಆಫ್ ದ ಡಾಟ್, ಬ್ರಿಟನ್ನಿನಲ್ಲಿ ಡೋಂಟ್ ಫ್ಲಾಪ್ ಎಂಬ ಲೀಗುಗಳು ಹುಟ್ಟಿದವು. ಈ ಲೀಗುಗಳಲ್ಲಿ ಹಿನ್ನೆಲೆಯ ಬೀಟ್ ಇಲ್ಲ. ಇಬ್ಬರು ಎದುರುಬದುರು ನಿಲ್ಲುತ್ತಾರೆ, ಸುತ್ತ ಜನ ಒತ್ತಿಕೊಂಡು ನಿಲ್ಲುತ್ತಾರೆ. ಸಾಮಾನ್ಯವಾಗಿ ತಲಾ ಮೂರು ರೌಂಡು. ಎದುರಾಳಿ ಯಾರೆಂಬುದು ಮೊದಲೇ ಗೊತ್ತಿರುವುದರಿಂದ ಇಬ್ಬರೂ ಬರೆದು, ಬಾಯಿಪಾಠ ಮಾಡಿ ಬಂದಿರುತ್ತಾರೆ.

ಬೀಟ್ ಹೋದದ್ದೇ ಹಾಸ್ಯಕ್ಕೆ ವರವಾಯಿತು. ತಾಳ ನಡೆಯುತ್ತಿದ್ದರೆ ಸಾಲು ಅದರ ಬೆನ್ನು ಹತ್ತಲೇಬೇಕು, ಜನ ನಗುತ್ತಿದ್ದಾರೆಂದು ನಿಲ್ಲುವಂತಿಲ್ಲ. ತಾಳವಿಲ್ಲದಿದ್ದರೆ ಮೌನವೂ ಆಡುವವನ ಕೈಯಲ್ಲಿರುತ್ತದೆ. ಒಂದು ಸಾಲನ್ನು ಅರ್ಧಕ್ಕೆ ನಿಲ್ಲಿಸಿ ಎದುರಾಳಿಯನ್ನು ಮೇಲಿಂದ ಕೆಳಗೆ ನೋಡಬಹುದು. ನಗು ಇಳಿಯುವ ತನಕ ಕಾಯಬಹುದು, ಇಳಿಯುತ್ತಿರುವಾಗಲೇ ಎರಡನೆಯ ಏಟು ಹಾಕಬಹುದು. ಇದಕ್ಕೆ ಅಂತ್ಯಪ್ರಾಸವೂ ಸೇರುತ್ತದೆ. ನಮ್ಮ ಹಳೆಯ ಛಂದಸ್ಸಿನಲ್ಲಿ ಪ್ರಾಸ ಪಾದದ ಎರಡನೆಯ ಅಕ್ಷರದಲ್ಲೇ ಬಂದು ಕೂತುಬಿಡುತ್ತದೆ, ಕಿವಿ ಕಾಯಬೇಕಾಗಿಲ್ಲ. ಇಲ್ಲಿ ಪ್ರಾಸ ಕೊನೆಗೆ ಬರುವುದರಿಂದ ಕೇಳುಗರು ಆ ಪದವನ್ನು ಮೊದಲೇ ಊಹಿಸಿ ಕಾದಿರುತ್ತಾರೆ. ಒಳ್ಳೆಯ ಹಾಸ್ಯಗಾರ ಆ ಊಹೆಯನ್ನು ಬೆಳೆಸಿ, ಕಡೇ ಗಳಿಗೆಯಲ್ಲಿ ಬೇರೆ ಕಡೆ ಹೊರಳುತ್ತಾನೆ. ಇದಕ್ಕೆ ಬೇಕಾಗುವ ಲೆಕ್ಕಾಚಾರ ಉದ್ದ ಪ್ರಾಸದ ಲೆಕ್ಕಾಚಾರಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಉದಾಹರಣೆಗೆ 2012ರಲ್ಲಿ ಡೋಂಟ್ ಫ್ಲಾಪ್‌ನಲ್ಲಿ ನಡೆದ ಮಾರ್ಕ್ ಗ್ರಿಸ್ಟ್ ಮತ್ತು ಬ್ಲಿಝರ್ಡ್ ಪಂದ್ಯ. ಗ್ರಿಸ್ಟ್ ಪೀಟರ್‌ಬರೋದ ಕವಿ, ಹಿಂದೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನು. ಬ್ಲಿಝರ್ಡ್ ಹದಿಹರೆಯದ ಹುಡುಗ. ಇಬ್ಬರಲ್ಲಿ ಯಾರೊಬ್ಬರೂ ಬಾಯಿ ತೆರೆಯುವ ಮೊದಲೇ ಅರ್ಧ ಹಾಸ್ಯ ಸಿದ್ಧವಾಗಿತ್ತು: ಒಂದು ಕಡೆ ಮೇಷ್ಟ್ರು, ಇನ್ನೊಂದು ಕಡೆ ವಿದ್ಯಾರ್ಥಿಯ ವಯಸ್ಸಿನವನು. ಗ್ರಿಸ್ಟ್‌ನ ಜಾಣತನ ಇರುವುದು ಅವನು ರ‍್ಯಾಪರನ ದನಿಯನ್ನು ಎರವಲು ತರದೇ ಇದ್ದದ್ದರಲ್ಲಿ. ತರಗತಿಯ ಸಭ್ಯತೆಯಲ್ಲೇ ಶುರುಮಾಡುತ್ತಾನೆ. ಮೆತ್ತಗಿನ ಮನುಷ್ಯ ಎಂದುಕೊಂಡವರಿಗೆ ಅವನ ಬಾಯಿಂದ ಬಂದದ್ದು ಕೇಳಿ ದಿಗಿಲು, ದಿಗಿಲಿನಿಂದ ನಗು. ಆ ವಿಡಿಯೊವನ್ನು ಲಕ್ಷಗಟ್ಟಲೆ ಜನ ನೋಡಿದರು. ಅವರಲ್ಲಿ ಬಹುಪಾಲು ಮಂದಿ ಪ್ರಾಸದ ಕಸುಬನ್ನು ಹುಡುಕಿಕೊಂಡು ಬಂದವರಲ್ಲ ಎಂದೇ ನನ್ನ ತೀರ್ಮಾನ.

ಈ ನಗುವಿಗೊಂದು ಹಳೆಯ ಕಟ್ಟಳೆಯಿದೆ. ಅಮೆರಿಕದ ಕಪ್ಪು ಜನರ ಕೇರಿಗಳಲ್ಲಿ ಹುಡುಗರು ಒಬ್ಬರ ತಾಯಿಯನ್ನು ಇನ್ನೊಬ್ಬರು ಹೀಯಾಳಿಸುತ್ತ ಆಡುವ ಡಝನ್ಸ್ ಎಂಬ ಆಟ ಬ್ಯಾಟಲ್‌ನ ಪೂರ್ವಜ. ಭಾಷಾವಿಜ್ಞಾನಿ ವಿಲಿಯಂ ಲಬೋವ್ ಹಾರ್ಲೆಮಿನ ಹುಡುಗರಿಂದ ಈ ಬೈಗುಳಗಳನ್ನು ಸಂಗ್ರಹಿಸಿ 1972ರ ತಮ್ಮ ಪುಸ್ತಕದಲ್ಲಿ ಅವುಗಳ ನಿಯಮವನ್ನು ಬಿಡಿಸಿ ತೋರಿಸಿದರು. ಬೈಗುಳ ಸುಳ್ಳೆಂದು ಎಲ್ಲರಿಗೂ ಗೊತ್ತಿರಬೇಕು. ನಿಜಕ್ಕೆ ಹತ್ತಿರವಾದರೆ ಬೈಸಿಕೊಂಡವನು ಅಲ್ಲಗಳೆಯಲು ಶುರುಮಾಡುತ್ತಾನೆ, ಆಟ ಮುರಿಯುತ್ತದೆ. ಲೀಗುಗಳು ಮುರಿದಿರುವುದು ಈ ನಿಯಮವನ್ನೇ. ಇಂದಿನ ಬ್ಯಾಟಲ್‌ನಲ್ಲಿ ನಿಜವನ್ನೇ ಅಗೆದು ತರುತ್ತಾರೆ. ಆದ್ದರಿಂದಲೇ ಹಾಸ್ಯದ ಅಗತ್ಯ ಹೆಚ್ಚಾಯಿತು. ನಿಜವನ್ನು ನೇರವಾಗಿ ಎಸೆದರೆ ಅದು ಜಗಳ. ಎಲ್ಲರೂ ನಗುವಷ್ಟು ಉಬ್ಬಿಸಿದರೆ ಮಾತ್ರ ಮತ್ತೆ ಆಟ.

‘8 ಮೈಲ್’ (2002) ಸಿನಿಮಾದ ಕೊನೆಯ ಬ್ಯಾಟಲ್ ಈ ಕಾರಣಕ್ಕೇ ನನಗೆ ಇಷ್ಟ. ಎಮಿನೆಮ್‌ನ ಪಾತ್ರ ತನ್ನ ಬಡತನ, ತನ್ನ ಅವಮಾನ ಎಲ್ಲವನ್ನೂ ತಾನೇ ಮೊದಲು ಒಪ್ಪಿಕೊಂಡು ಎದುರಾಳಿಯ ಬತ್ತಳಿಕೆ ಖಾಲಿ ಮಾಡುತ್ತದೆ. ಆಮೇಲೆ ಅವನ ಮೇಲೆ ಹೊರಿಸುವ ಆರೋಪವಾದರೂ ಏನು? ಅವನು ಖಾಸಗಿ ಶಾಲೆಯಲ್ಲಿ ಓದಿದವನು, ಅವನ ಅಪ್ಪ ಅಮ್ಮ ಚೆನ್ನಾಗಿ ಸಂಸಾರ ಮಾಡಿಕೊಂಡಿದ್ದಾರೆ! ಬೇರೆಲ್ಲಾದರೂ ಹೊಗಳಿಕೆಯಾಗುವ ಮಾತು ಅಲ್ಲಿ ಮರ್ಮಕ್ಕೆ ತಾಗುತ್ತದೆ.

ಎಲ್ಲ ನಗುವನ್ನೂ ನಾನು ಎತ್ತಿ ಹಿಡಿಯುತ್ತಿಲ್ಲ. ದಪ್ಪ, ಕುಳ್ಳ, ಬಣ್ಣ, ಜನಾಂಗ ಇವುಗಳ ಮೇಲಿನ ಜೋಕು ಬಹುತೇಕ ಸೋಮಾರಿಯ ಕೆಲಸ. ಲಾಸ್ ಏಂಜಲೀಸಿನ ಕೊರಿಯನ್-ಅಮೆರಿಕನ್ ರ‍್ಯಾಪರ್ ಡಂಬ್‌ಫೌಂಡೆಡ್‌ನ ಕಣ್ಣು, ಅವನ ಊಟ ಇವುಗಳನ್ನೇ ಹಿಡಿದು ಎಷ್ಟೋ ಎದುರಾಳಿಗಳು ಕಾಲ ಕಳೆದರು. ಅವನು ಅಂಥದ್ದಕ್ಕೆಲ್ಲ ಉತ್ತರ ಸಿದ್ಧಮಾಡಿಕೊಂಡೇ ಬರುತ್ತಿದ್ದ. ಸವೆದ ಜೋಕು ಹೇಳಿದವನೇ ಪೆಚ್ಚಾಗುವಂತೆ ಮಾಡುತ್ತಿದ್ದ. ಆ ಮನುಷ್ಯನಿಗೆ ಮಾತ್ರ ಒಪ್ಪುವ, ಇನ್ಯಾರಿಗೂ ಹೊಂದದ ಜೋಕು ಕಟ್ಟುವುದೇ ಕಷ್ಟ. ಅದರಲ್ಲಿ ನನ್ನ ಮಟ್ಟಿಗೆ ಕೆನಡಾದ ನೋವಾ ಸ್ಕೋಷಿಯಾದ ಪ್ಯಾಟ್ ಸ್ಟೇಯನ್ನು ಮೀರಿಸಿದವರಿಲ್ಲ. ಆಜಾನುಬಾಹು, ನೋಡಿದರೆ ಹೆದರಬೇಕು, ಆದರೆ ಆಟವಾಡುವ ಮಗುವಿನ ಉತ್ಸಾಹ. ಬರೆದುಕೊಂಡು ಬಂದದ್ದನ್ನು ಬಿಟ್ಟು, ಎದುರಾಳಿ ಈಗಷ್ಟೇ ಹೇಳಿದ್ದಕ್ಕೆ ಅಲ್ಲೇ ಉತ್ತರ ಕಟ್ಟುತ್ತಿದ್ದ. 2022ರ ಸೆಪ್ಟೆಂಬರಿನಲ್ಲಿ ಹ್ಯಾಲಿಫ್ಯಾಕ್ಸಿನಲ್ಲಿ ಅವನ ಕೊಲೆಯಾಯಿತು. ಎಮಿನೆಮ್ ಸಹಿತ ಹಲವರು ಸಂತಾಪ ಹೇಳಿದರು. ಆ ಜಾಗ ಇನ್ನೂ ಖಾಲಿಯಾಗಿಯೇ ಇದೆ.

ನಗುವಿಗೆ ಎಲ್ಲಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕಿರುವುದು ಫಿಲಿಪೈನ್ಸ್‌ನಲ್ಲಿ ಎನಿಸುತ್ತದೆ. ಅಲ್ಲಿನ ಫ್ಲಿಪ್‌ಟಾಪ್ ಲೀಗನ್ನು 2010ರಲ್ಲಿ ಅನಿಗ್ಮ ಎಂಬ ರ‍್ಯಾಪರ್ ಕಟ್ಟಿದ. ಆ ನಾಡಿನಲ್ಲಿ 1924ರಿಂದಲೇ ಬಾಲಗ್ತಾಸನ್ ಎಂಬ ಪದ್ಯವಾದದ ಪರಂಪರೆ ಇದೆ. ಇಬ್ಬರು ಕವಿಗಳು ವೇದಿಕೆಯ ಮೇಲೆ ಪ್ರಾಸಬದ್ಧವಾಗಿ ವಾದ ಮಾಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಕೇಳಿದವರಿಗೆ ಇದು ಪರಿಚಿತ ರುಚಿ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಎರಡು ಮೇಳಗಳು ಹಾಡಿನಲ್ಲೇ ಒಂದನ್ನೊಂದು ಕೆಣಕುವಾಗ, ಜನ ತತ್ತ್ವಕ್ಕೆ ತಲೆದೂಗಿದಷ್ಟೇ ಕುಚೋದ್ಯಕ್ಕೂ ಸಿಳ್ಳೆ ಹಾಕುತ್ತಾರೆ.

ಹೊಸದಾಗಿ ನೋಡುವವರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ, ಭಾಷೆ ಬಹಳ ಒರಟು. ಸಬ್‌ಟೈಟಲ್ ಇದ್ದರೆ ಹಾಕಿಕೊಳ್ಳಿ. ಮೊದಲ ರೌಂಡಿಗೆ ತೀರ್ಪು ಕೊಡಬೇಡಿ, ಅದು ಮನೆಯಲ್ಲಿ ಬರೆದು ತಂದದ್ದು. ಎರಡನೆಯ ರೌಂಡಿನ ಮೊದಲ ನಾಲ್ಕು ಸಾಲಿಗೆ ಕಿವಿಗೊಡಿ. ಎದುರಾಳಿಯ ಮಾತನ್ನು ನಿಜವಾಗಿ ಕೇಳಿಸಿಕೊಂಡವನು ಯಾರು, ತನ್ನ ಸರದಿಗೆ ಸುಮ್ಮನೆ ಕಾಯುತ್ತಿದ್ದವನು ಯಾರು ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ.