ಗುಳ್ಳಕ್ಕೊಂದು ಜೀನು: ಪರೀಕ್ಷೆ ಪಾಸಾಯಿತೇ?

ಕಿರಿಮಂಜೇಶ್ವರದ ಸಮಾರಂಭದೂಟದಲ್ಲಿ ಗುಳ್ಳ ಬದನೆಯ ಹುಳಿ ಬಡಿಸಿದರೆ, ಬಲ್ಲವರು ಮೊದಲು ಕೇಳುವುದು ಕಾಯಿ ಉಡುಪಿ ಬಳಿಯ ಮಟ್ಟು ಊರಿನದೇ ಎಂದು. ತೊಟ್ಟಿನಲ್ಲಿ ಮುಳ್ಳು, ತಿಳಿಹಸಿರು ಮೈ, ಬೆಂದರೆ ನಾಲಿಗೆಗೆ ಸಿಗದಷ್ಟು ತೆಳು ಸಿಪ್ಪೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಬೀಜ ಕಂಪನಿ ಮಹಿಕೋದ, ಕಾಯಿಕೊರಕ ಹುಳವನ್ನು ಕೊಲ್ಲುವ ಬಿಟಿ ಜೀನು ಸೇರಿಸಲು ಆರಿಸಿಕೊಂಡ ಆರು ಬದನೆ ತಳಿಗಳಲ್ಲಿ ಈ ಉಡುಪಿ ಗುಳ್ಳವೂ ಒಂದು. 2009ರ ಅಕ್ಟೋಬರ್ 14ರಂದು ಕೇಂದ್ರದ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಹಲವೆಡೆ ಅಹವಾಲು ಸಭೆ ನಡೆಸಿದ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ 2010ರ ಫೆಬ್ರವರಿ 9ರಂದು ಅದನ್ನು ತಡೆಹಿಡಿದರು.

ತಡೆದದ್ದು ಸರಿ. ಆದರೆ ಬೀದಿಯಲ್ಲಿ ಕೂಗಿದ ಕಾರಣಕ್ಕಲ್ಲ. 'ಹುಳ ಸಾಯುವ ಕಾಯಿ ತಿಂದರೆ ಮನುಷ್ಯನೂ ಸಾಯುತ್ತಾನೆ' ಎಂಬ ಮಾತು ಭಾಷಣಕ್ಕೆ ಚೆಂದ, ವಿಜ್ಞಾನಕ್ಕಲ್ಲ. ಬಿಟಿ ಪ್ರೋಟೀನು ಕೆಲಸ ಮಾಡುವುದು ಕಾಯಿಕೊರಕ ಹುಳದ ಕ್ಷಾರೀಯ ಕರುಳಿನಲ್ಲಿ. ಅಲ್ಲಿನ ಗ್ರಾಹಕಗಳಿಗೆ ಅಂಟಿಕೊಂಡು ಕರುಳಿನ ಗೋಡೆ ಒಡೆಯುತ್ತದೆ. ನಮ್ಮ ಜಠರ ಆಮ್ಲೀಯ, ನಮ್ಮ ಕರುಳಿನಲ್ಲಿ ಆ ಗ್ರಾಹಕಗಳೂ ಇಲ್ಲ. ಅದೇ ಹುಳಕ್ಕೆಂದು ಮತ್ತೆ ಮತ್ತೆ ಹೊಡೆಯುವ ಔಷಧಿಯ ಬಗ್ಗೆ ಮಾತ್ರ ನಮಗೆ ಅಷ್ಟು ಗಾಬರಿಯಿಲ್ಲ. ತೂತಿಲ್ಲದ ಬದನೆಯನ್ನೇ ಹೆಕ್ಕುವ ಗಿರಾಕಿಗಳು ನಾವೇ ತಾನೆ!

ನನ್ನ ತಕರಾರು ಪರೀಕ್ಷೆಯ ಬಗ್ಗೆ. ಇಲಿಗಳಿಗೆ ತಿನ್ನಿಸಿ ನೋಡಿದ್ದು 90 ದಿನ. ಜೀವಮಾನವಿಡೀ ತಿನ್ನುವ ತರಕಾರಿಗೆ ಇದು ಮೊದಲ ಮೆಟ್ಟಿಲಾದೀತು, ಕೊನೆಯದಾಗಬಾರದು. ಸುರಕ್ಷತೆಯ ಕಡತ ಕಟ್ಟಿದ್ದು ಬೀಜ ಮಾರುವ ಕಂಪನಿಯೇ. ಅದರ ಮೂಲ ಅಂಕಿಅಂಶ ಜನರ ಕೈಗೆ ಬರಲು ಮಾಹಿತಿ ಹಕ್ಕಿನ ಹೋರಾಟ ಬೇಕಾಯಿತು. ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿ, ಬೀರುವಿನಲ್ಲಿಟ್ಟು ಬೀಗ ಹಾಕಿದ ವಿದ್ಯಾರ್ಥಿಯನ್ನು ಯಾವ ಮಾಸ್ತರರೂ ಪಾಸು ಮಾಡುವುದಿಲ್ಲ. ಸ್ಥಳೀಯ ತಳಿಗಳನ್ನು ಅನುಮತಿಯಿಲ್ಲದೆ ಬಳಸಿದ ಆರೋಪದ ಮೇಲೆ ಮಹಿಕೋ ಮತ್ತಿತರರ ವಿರುದ್ಧ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ 2011ರಲ್ಲಿ ಕಾನೂನು ಕ್ರಮಕ್ಕೂ ನಿರ್ಧರಿಸಿತು. ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದ್ದೂ ಅದೇ ವರ್ಷ.

ಬದನೆಯನ್ನು ತಡೆದೆವೆಂದು ಬೀಗುವಂತೆಯೂ ಇಲ್ಲ. ಬಿಟಿ ಹತ್ತಿ 2002ರಿಂದ ದೇಶದ ಹೊಲಗಳಲ್ಲಿದೆ. ಅದರ ಬೀಜದ ಎಣ್ಣೆ ಬಾಣಲೆಗೆ, ಹಿಂಡಿ ಹಟ್ಟಿಗೆ ಬರುತ್ತಿದೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನು ಉಳಿಯುವುದು ತೀರಾ ಕಡಿಮೆ, ನಿಜ. ಆದರೂ ಅದು ಬಿಟಿ ಹತ್ತಿಯದೆಂದು ಕೊಳ್ಳುವವನಿಗೆ ಗೊತ್ತಿರಬೇಕು. ಎಣ್ಣೆಯ ಪ್ಯಾಕೆಟ್ಟಿನ ಮೇಲೂ ಹಿಂಡಿಯ ಚೀಲದ ಮೇಲೂ ಸರ್ಕಾರ ಅದನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚುಹಾಕಿಸಲಿ.